ಸಿದ್ದಲಿಂಗಮ್ಮನ ಬಿಪಿ ಇಳಿದ ದಿನ

ಮುದುಕಿ ಮಾತ್ರೆ ನುಂಗುತ್ತಿಲ್ಲ, ಎಲ್ಲೋ ಉಗುಳುತ್ತಿದ್ದಾಳೆ. ಡಾಕ್ಟರ್ ಚೈತನ್ಯನಿಗೆ ಇದರಲ್ಲಿ ಅನುಮಾನವೇ ಇರಲಿಲ್ಲ. ಬಡವರ ಆರೋಗ್ಯದ ಬಗ್ಗೆ ದೊಡ್ಡ ದೊಡ್ಡ ಸಭೆಗಳಲ್ಲಿ ಭಾಷಣ ಬಿಗಿಯುವ ಈ ಸಂಶೋಧಕ ಮಹಾಶಯ, ಪಾಂಡವಪುರದಾಚೆ ನಾಲೆ ಏರಿಯ ಮೇಲೆ ಕುಕ್ಕರಗಾಲಲ್ಲಿ ಕೂತು, ಸಿದ್ದಲಿಂಗಮ್ಮನ ಶೀಟಿನ ಮನೆಯ ಹಿಂದಿನ ತಿಪ್ಪೆ ಕೆದಕುತ್ತಿದ್ದ. ಸಿಕ್ಕಿದ್ದು ಕೋಳಿ ಪುಕ್ಕ.

"ಏನ್ ಕಳ್ಕಂಡ್ರಿ ಸ್ವಾಮಿ?" ಬೆನ್ನ ಹಿಂದೆಯೇ ಸಿದ್ದಲಿಂಗಮ್ಮ ನಿಂತಿದ್ದಳು.

"ಪೆನ್ನು," ಅಂದ. ಪೆನ್ನು ಜೇಬಿನಿಂದ ಇಣುಕುತ್ತಿತ್ತು.

ಅವಳ ಗಂಡ ಹೋದ ವರ್ಷ ಲಕ್ವ ಹೊಡೆದು ತೀರಿಕೊಂಡಿದ್ದ. ಇವಳ ಬಿಪಿಯೂ ಅದೇ ದಾರಿ ಹಿಡಿದಿತ್ತು. ಈ ಜೀವವನ್ನೂ ಕಳೆದುಕೊಂಡರೆ ತನ್ನ ಓದಿಗಿಷ್ಟು ಬೆಂಕಿ ಹಾಕ ಎಂದು ಚೈತನ್ಯನಿಗೆ ನಿಜವಾಗಿಯೂ ಸಂಕಟ.

ಅವನೇನು ಕಮ್ಮಿ ಮಾಡಿದ್ದನೇ? ಹಕ್ಕುಪತ್ರವೂ ಇಲ್ಲದ, ನಂಬರೂ ಇಲ್ಲದ ಮನೆಗಳು. ಗೊಂದಲವಾಗಬಾರದೆಂದು ಪ್ರತಿ ಬಾಗಿಲಿಗೂ ಕೆಂಪು ಬಣ್ಣದಲ್ಲಿ ನಂಬರು ಬರೆಸಿದ್ದ. ಜೀಪಿಗೆ 'ಸರ್ವೆ ತಂಡ' ಎಂಬ ಬೋರ್ಡು ಹಾಕಿಸಿದ್ದ. ಟೇಪು ಹಿಡಿದು ಎಲ್ಲರ ಸೊಂಟ ಅಳೆಸಿದ್ದ. ಜನಕ್ಕೂ ಎಂಥಾ ಗೌರವ! ಜೀಪಿನ ಸದ್ದಾದರೆ ಸಾಕು, ಮಾಡುತ್ತಿದ್ದ ಕೆಲಸ ಬಿಟ್ಟು ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು. ನಂಬಿಕೆ ಗಳಿಸೋದು ಅಂದ್ರೆ ಹೀಗಪ್ಪಾ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದ.

ಬಿಪಿ ಮಾತ್ರ ಅವನು ಬಂದಷ್ಟೂ ಏರುತ್ತಿತ್ತು. ಸಿದ್ದಲಿಂಗಮ್ಮನದೊಂದೇ ಅಲ್ಲ, ಹೆಚ್ಚುಕಮ್ಮಿ ಇಡೀ ಕಾಲೊನಿಯದು.

"ನಮ್ದು ಭಾಳ ಜಾಸ್ತಿ ಐತಾ ಸ್ವಾಮಿ?" ಮನೆಯೊಳಗೆ ಕೂತು ತೋಳಿಗೆ ಬಿಪಿ ಪಟ್ಟಿ ಸುತ್ತಿಸಿಕೊಂಡಿದ್ದ ಮುದುಕಿ ಕೇಳಿದಳು.

"ತುಂಬಾ. ಇನ್ನು ಸುಮ್ಮನಿರೋಕಾಗಲ್ಲ. ಅಭ್ಯಾಸ ಆಗಿರೋದೆಲ್ಲ ಬಿಡಬೇಕಾಗುತ್ತೆ ಅಜ್ಜಿ." ಅವನ ಕಣ್ಣು ಮೂಲೆಯ ಉಪ್ಪಿನಕಾಯಿ ಜಾಡಿಯ ಮೇಲಿತ್ತು.

ಅವಳು ಮನೆಯನ್ನೊಮ್ಮೆ ಸುತ್ತ ನೋಡಿದಳು. "ಯಾವತ್ತು ಬುಡಬೇಕು?"

"ಇವತ್ತೇ ಶುರು ಮಾಡಿ."

ಮತ್ತೆ ಬಿಪಿ ನೋಡಿದ. ಇನ್ನೂ ಏರಿತ್ತು! ಅಯ್ಯೋ ಶಿವನೇ, ಉಪ್ಪಿನಕಾಯಿ ಮೇಲೆ ಇಷ್ಟೊಂದು ಮೋಹವೇ? ಮುಂದಿನ ವಾರ ಮಾತ್ರೆ ಡಬಲ್ ಮಾಡಿಬಿಡೋಣ ಎಂದು ತೀರ್ಮಾನಿಸಿದ.

ಮುಂದಿನ ವಾರ ಜೀಪು ಶ್ರೀರಂಗಪಟ್ಟಣದಲ್ಲೇ ಕೆಟ್ಟು ನಿಂತಿತು. ಚೈತನ್ಯ, ನರ್ಸ್ ತಸ್ಲೀಮ್ ಇಬ್ಬರೂ ಬಸ್ಸಿಳಿದು ನಾಲೆ ಏರಿಯ ಮೇಲೆ ಬೆವರುತ್ತಾ ನಡೆದು ಬಂದರು. ಬಾಗಿಲಲ್ಲಿ ಒಂದು ನರಪಿಳ್ಳೆಯೂ ನಿಂತಿರಲಿಲ್ಲ. ಅವನ ದೊಡ್ಡಸ್ತಿಕೆಗೆ ಸ್ವಲ್ಪ ಪೆಟ್ಟಾಯಿತು.

"ಡಬಲ್ ಕೊಟ್ಟು ತಲೆ ಸುತ್ತಿ ಬಿದ್ದುಗಿದ್ದಾರು ಸಾರ್, ಮೊದಲು ನೋಡ್ತೀನಿ," ಎಂದು ತಸ್ಲೀಮ್ ಮುದುಕಿಯ ತೋಳಿಗೆ ಪಟ್ಟಿ ಸುತ್ತಿದಳು. ಹುಬ್ಬೇರಿಸಿದಳು. "ಸಾರ್, ನಾರ್ಮಲ್!"

ಪಕ್ಕದ ಮನೆಯ ಮಾಯಮ್ಮನದನ್ನೂ ನೋಡಿದರು. ಅದೂ ನಾರ್ಮಲ್. ಚೈತನ್ಯ ಕುಣಿಯುವುದೊಂದು ಬಾಕಿ. ಉಪ್ಪಿನಕಾಯಿ ಬಿಡಿಸಿ ಕಾಲೊನಿ ಉಳಿಸಿದ ಪುಣ್ಯಾತ್ಮ ತಾನು! ಮುಂದಿನ ಭಾಷಣದ ಮೊದಲ ವಾಕ್ಯ ಆಗಲೇ ನಾಲಿಗೆ ತುದಿಗೆ ಬಂದಿತ್ತು. ಮೂಲೆಯ ಜಾಡಿ ಅರ್ಧ ಖಾಲಿಯಾಗಿದ್ದು ಆಮೇಲೆ ಕಣ್ಣಿಗೆ ಬಿತ್ತು.

"ಅಜ್ಜಿ, ನಿಜ ಹೇಳಿ. ಏನು ಮಾಡಿದ್ರಿ?"

ಸಿದ್ದಲಿಂಗಮ್ಮ ಅವನ ಹೆಗಲಾಚೆ ಖಾಲಿ ರಸ್ತೆಯನ್ನೊಮ್ಮೆ ನೋಡಿದಳು. ಬಾಗಿಲ ಮೇಲಿನ ಕೆಂಪು ನಂಬರನ್ನೂ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು:

"ಸರ್ವೆ ಜೀಪು ಬರ್ಲಿಲ್ವಲ್ಲ ಸ್ವಾಮಿ... ಅಂಗಾದ್ರೆ ನಮ್ ಮನೆ ಕೆಡವೋದು ನಿಂತೋಯ್ತಾ?"