ಕ್ಪೊಜಿ ಸಭೆಯ ಮೊದಲ ಹೆಸರು

"ಇಬ್ಬರು ಹೆಂಡ್ತೀರು ಇರೋನಿಗೆ ದೀಕ್ಷಾಸ್ನಾನ ಇಲ್ಲ. ಒಬ್ಬಳ ಕೈ ಬಿಡು, ಅಗ್ಬೆಕೊ," ಎಂದು ಪಾದ್ರಿ ತೆಯೊಫಿಲ್ ಮತ್ತೊಮ್ಮೆ ಹೇಳಿದರು.

ಹೊಸ್ತಿಲ ಮೇಲೆ ನಿಂತಿದ್ದ ಅಗ್ಬೆಕೊನ ಬಲಗೈಯಲ್ಲಿ ಹಿರಿಯ ಹೆಂಡತಿ ಆಬ್ಲಾಳ ಕೈಯಿತ್ತು, ಎಡಗೈಯಲ್ಲಿ ಕಿರಿಯವಳಾದ ಯಾವಾಳ ಕೈ. ಈ ದೇವಾಲಯದ ಗೋಡೆಗೆ ಕೆಮ್ಮಣ್ಣು ತುಳಿದವನು ಅವನೇ, ಸೂರಿಗೆ ಹುಲ್ಲು ಹೊದಿಸಿದವನೂ ಅವನೇ. ಕ್ಪೊಜಿ ದಿಬ್ಬದ ಕ್ರೈಸ್ತ ಸಭೆಯ ಪಟ್ಟಿಯಲ್ಲಿ ಮೊದಲ ಹೆಸರು ತನ್ನದಾಗಬೇಕೆಂದು ಆಸೆಪಟ್ಟಿದ್ದ. ಆದರೆ ಆಬ್ಲಾಳ ಕೈ ಬಿಟ್ಟರೆ ಅವಳಿಗೆ ಆಸರೆಯಾಗಲು ಮಕ್ಕಳಿಲ್ಲ, ಹೋಗಲು ತವರೂ ಇಲ್ಲ. ಯಾವಾಳನ್ನು ಬಿಟ್ಟರೆ ಅವಳ ಬೆನ್ನಿಗೆ ಕಟ್ಟಿದ ಕೂಸಿಗೆ ಅಪ್ಪನಿಲ್ಲ. ಅಂಗೈಗಳು ಬೆವೆತು ಜಾರುತ್ತಿದ್ದರೂ ಅವನು ಎರಡನ್ನೂ ಬಿಗಿಯಾಗಿ ಹಿಡಿದೇ ನಿಂತಿದ್ದ.

"ಬೇಗ ಬಿಡೋ ಮಾರಾಯ, ಮನೇಲಿ ಮುದ್ದೆ ಆರ್ತಾ ಇದೆ!" ಎಂದು ಹಿಂದಿನಿಂದ ಯಾರೋ ನಕ್ಕರು.

ಆಬ್ಲಾ ಮೆಲ್ಲಗೆ ಕೈ ಬಿಡಿಸಿಕೊಂಡಳು. ಸದ್ಯ, ಇವಳೇ ಹಿಂದೆ ಸರಿದಳಲ್ಲ ಎಂದು ಪಾದ್ರಿಗೆ ಸಮಾಧಾನವಾಯಿತು. ಅವಳು ಮೆಟ್ಟಿಲಿಳಿಯಲಿಲ್ಲ. ಹೊಸ್ತಿಲು ದಾಟಿ ಬಂದು ದೀಕ್ಷಾಸ್ನಾನದ ನೀರಿನ ಬೋಗುಣಿಯ ಮುಂದೆ ಮಂಡಿಯೂರಿದಳು.

"ಪಾದ್ರಿಗಳೇ, ಇಬ್ಬರು ಇರೋದು ಅವರಿಗೆ. ನನಗಿರೋದು ಒಬ್ಬನೇ ಗಂಡ. ನನ್ನ ತಲೆಗೆ ನೀರು ಹಾಕಿ."

ಪಾದ್ರಿ ನಿಲುವಂಗಿಯ ತೋಳು ಮೇಲೇರಿಸಿಕೊಂಡರು. ಬೋಗುಣಿಗೆ ಕೈಯದ್ದಿದರು.

ಯಾವಾ ತಾನೂ ಕೈ ಬಿಡಿಸಿಕೊಂಡು, ಬೆನ್ನಿನ ಕೂಸನ್ನು ಬಿಚ್ಚಿ ಗಂಡನ ಖಾಲಿ ಕೈಗೆ ಕೊಟ್ಟು ಒಳಗೆ ನಡೆದಳು.

"ಅಕ್ಕಾ, ಸ್ವಲ್ಪ ಆಚೆ ಸರಿ. ನನಗೂ ಒಬ್ಬನೇ."