ಎದುರುಮನೆಯ ದಾಸವಾಳ

ಗೋಪಿನಾಥರಾಯರ ಮನೆಯಲ್ಲಿ ಒಂದು ಹೂಗಿಡವೂ ಇರಲಿಲ್ಲ; ಅವರ ದೇವರು ಮಾತ್ರ ದಿನಾ ಹೂವಿನಲ್ಲಿ ಮುಳುಗಿರುತ್ತಿದ್ದ. ಬೆಳಗಿನ ವಾಕಿಂಗಿಗೆ ಹೊರಟರೆ ಒಂದು ಕೈಯಲ್ಲಿ ಪ್ಲಾಸ್ಟಿಕ್ ಕವರು, ಇನ್ನೊಂದರಲ್ಲಿ ಕೊಕ್ಕೆ ಕಟ್ಟಿದ ಕೋಲು. ಎದುರುಮನೆ ಜಲಜಮ್ಮನವರ ದಾಸವಾಳ ಕಾಂಪೌಂಡ್ ದಾಟಿ ರಸ್ತೆಗೆ ಬಾಗಿತ್ತು. ರಸ್ತೆಗೆ ಬಂದದ್ದು ಸಾರ್ವಜನಿಕರದ್ದು ಎಂಬುದು ರಾಯರ ಸಿದ್ಧಾಂತ.

ಈ ಸಲ ಯಾಕೋ ಹೂವು ಸಣ್ಣಗಾದವು. ದೇವರಿಗೇ ಅನ್ಯಾಯವಾಯಿತೆಂದು ರಾಯರು ಗೇಟು ಬಡಿದರು.

"ಏನಮ್ಮಾ, ಗಿಡ ಇಟ್ಕೊಂಡ್ರೆ ಸಾಕಾ? ಹೂ ಬಿಟ್ಟು ಮುಗಿದ ಮೇಲೆ ಕೊಂಬೆ ಸವರಬೇಕು ಅಂತ ಗೊತ್ತಾಗಲ್ವಾ?"

"ಹೇಗೆ ಸವರೋದು ರಾಯರೇ? ನೀವೇ ಹೇಳಿಕೊಡಿ."

ಕೇಳಿದ್ದೇ ತಡ, ರಾಯರು ಕೊಕ್ಕೆಕೋಲಿನಿಂದಲೇ ತೋರಿಸತೊಡಗಿದರು.

"ಒಣಗಿದ್ದು ಮೊದಲು ತೆಗೀರಿ. ಆಮೇಲೆ ಚಿಗುರೊಡೆಯೋ ಕಣ್ಣು ನೋಡಿ, ಅದರ ಸ್ವಲ್ಪ ಮೇಲೆ ಓರೆಯಾಗಿ ಕತ್ತರಿಸಿ. ಕಣ್ಣು ಯಾವ ಕಡೆ ಇರುತ್ತೋ, ಹೊಸ ಕೊಂಬೆ ಆ ಕಡೆಗೇ ಹೋಗೋದು."

"ಹೌದಾ? ನಮಗೆ ಬೇಕಾದ ಕಡೆಗೇ ಹೋಗುತ್ತಾ?"

"ಹೋಗದೆ ಏನು! ನಾನು ಹೇಳಿದ ಹಾಗೆ ಮಾಡಿ, ಆಮೇಲೆ ಹೂವು ನೋಡಿ."

ಜಲಜಮ್ಮ ಅಂದೇ ಕತ್ತರಿ ಹಿಡಿದರು. ಚಿಗುರು ಬೆಳೆದು ಮೊಗ್ಗಾಗುವ ತನಕ ರಾಯರು ಗೊಣಗುತ್ತ ಅಂಗಡಿಯ ಹೂವನ್ನೇ ಏರಿಸಿದರು. ಕಡೆಗೊಂದು ಬೆಳಿಗ್ಗೆ ಎಂದಿಗಿಂತ ದೊಡ್ಡ ಕವರು ಹಿಡಿದು ಬಂದರು.

"ನೀವು ಹೇಳಿದ್ದು ಸರಿ ರಾಯರೇ," ಜಲಜಮ್ಮ ಒಳಗಿನಿಂದಲೇ ಕೂಗಿದರು, "ಒಂದೊಂದು ಹೂವೂ ಅಂಗೈ ಅಗಲ!"

ರಾಯರು ಕೊಕ್ಕೆ ಎತ್ತಿದರು. ಕೊಂಬೆಗಳೆಲ್ಲ ರಸ್ತೆಗೆ ಬೆನ್ನು ಹಾಕಿ, ಜಲಜಮ್ಮನ ಅಡುಗೆಮನೆ ಕಿಟಕಿಯ ಕಡೆಗೆ ಬಾಗಿ ಹೂ ಬಿಟ್ಟಿದ್ದವು.