ಹನ್ನೊಂದು ನಿಮಿಷ ನಲವತ್ತು ಸೆಕೆಂಡು

ಡೆಂಕಣಿಕೋಟೆ ದಾಟಿ ಮೂರು ಕಿಲೋಮೀಟರು ಹೋಗಿರಲಿಲ್ಲ, ರಾಗಿ ಹೊಲದಿಂದ ಆನೆಯೊಂದು ಬಂದು ರಸ್ತೆಗೆ ಅಡ್ಡ ನಿಂತಿತು. ಅದರ ಹಿಂದೆ ಇನ್ನೆರಡು, ನಡುವೆ ಒಂದು ಮರಿ. ಅಶ್ವತ್ಥಪ್ಪ ಬ್ರೇಕು ಒತ್ತಿ ಎಂಜಿನ್ ಆರಿಸಿದ. ಗುಜರಿಯಿಂದ ತಂದು, ಒಂಬತ್ತು ವರ್ಷ ಬಿಚ್ಚಿ ಜೋಡಿಸಿದ ಹಳೇ ಕಾಲದ ಕೆಂಪು ಸ್ಪೋರ್ಟ್ಸ್ ಕಾರು ಅದು. ಎರಡೇ ಸೀಟು, ತಲೆಯ ಮೇಲೆ ಚಾವಣಿಯಿಲ್ಲ. ಆನೆಗೂ ಅವರಿಗೂ ನಡುವೆ ಇದ್ದದ್ದು ಮುಂದಿನ ಗಾಜೊಂದೇ.

"ಅಲ್ಲಾಡ್‌ಬ್ಯಾಡ ಕಣೇ," ಎಂದು ಪಿಸುಗುಟ್ಟಿ ಅವನು ಪಕ್ಕದಲ್ಲಿದ್ದ ಹೆಂಡತಿ ಚಂದ್ರಲೇಖಾಳ ಬಲಗೈಯನ್ನು ಬಿಗಿಯಾಗಿ ಹಿಡಿದುಕೊಂಡ. ಅವಳ ಎಡ ಅಂಗೈಯಲ್ಲಿ ವಾಚಿತ್ತು. ಹೆಬ್ಬೆರಳ ಉಗುರು ತಾನಾಗಿಯೇ ಹೋಗಿ ಕೀ ಕೊಡುವ ಗುಂಡಿಯನ್ನು ಹೊರಕ್ಕೆ ಮೀಟಿತು. ಸೆಕೆಂಡಿನ ಮುಳ್ಳು ಗಪ್ಪೆಂದು ನಿಂತಿತು.

ಹೊಸೂರಿನ ಹಳೇ ಕಾರು ಸಂಘದವರು ವರ್ಷಕ್ಕೊಮ್ಮೆ ನಡೆಸುವ ಸ್ಪರ್ಧೆಯಿದು. ಮೊದಲು ಹೋದವರು ಗೆಲ್ಲುವ ಸ್ಪರ್ಧೆಯಲ್ಲ. ರಾಯಕೋಟೆಯ ಗೆರೆಯನ್ನು ಗೊತ್ತುಮಾಡಿದ ಹೊತ್ತಿಗೆ ಸರಿಯಾಗಿ ಮುಟ್ಟಬೇಕು. ಒಂದು ಸೆಕೆಂಡು ಹಿಂದುಮುಂದಾದರೆ ಒಂದು ಅಂಕ ಹೋಯಿತು. ಫೋನುಗಳನ್ನೆಲ್ಲ ಲಕೋಟೆಗೆ ಹಾಕಿ ಅಂಟಿಸಿಬಿಡುತ್ತಾರೆ, ಕೀ ಕೊಡುವ ವಾಚಿಗೆ ಮಾತ್ರ ಅಪ್ಪಣೆ. ಕಾರಾಗಲಿ ವಾಚಾಗಲಿ, ಒಳಗೆ ಚಕ್ರ ತಿರುಗುವುದು ಕಿವಿಗೆ ಕೇಳಬೇಕು, ಕೆಟ್ಟರೆ ಬಿಚ್ಚಿ ನೋಡುವಂತಿರಬೇಕು ಎಂಬುದು ಈ ಗಂಡಸರ ವೇದಾಂತ. ಹೆಂಡತಿ ಹೊಸ ಸೀರೆ ಉಟ್ಟರೆ ಕಾಣದ ಕಣ್ಣು, ಪಕ್ಕದವನ ಮುಂಗೈಗೆ ಹೊಸ ವಾಚು ಬಂದರೆ ಹತ್ತು ಮಾರು ದೂರದಿಂದಲೇ ಹಿಡಿಯುತ್ತದೆ!

ಸಮಯ ನೋಡಿ ಹೇಳುವ ಸೀಟು ಪ್ರತಿವರ್ಷ ಗೆಳೆಯ ಚಿನ್ನಪ್ಪನದು. ಈ ಸಲ ಚಿನ್ನಪ್ಪನಿಗೆ ಸೊಂಟ ಹಿಡಿದುಕೊಂಡಿತು. "ವಾಚ್ ಕಾರ್ಖಾನೇಲಿ ಇಪ್ಪತ್ತಾರು ವರ್ಷ ದುಡ್ದೋಳು ಮನೇಲೇ ಇವ್ನಿ. ಬೆಣ್ಣೆ ಕೈಲಿಟ್ಕೊಂಡು ತುಪ್ಪಕ್ಕೆ ಊರೆಲ್ಲಾ ತಿರುಗ್ತೀರಲ್ಲ," ಎಂದು ಚಂದ್ರಲೇಖಾ ಹಟ ಹಿಡಿದಳು. ಒಂಬತ್ತು ವರ್ಷದ ಭಾನುವಾರಗಳನ್ನೆಲ್ಲ ನುಂಗಿ ನೀರು ಕುಡಿದ ಕಾರಿನಲ್ಲಿ ಕೂರುವ ಹಕ್ಕು ತನಗೂ ಇದೆಯೆಂಬುದು ಅವಳ ವಾದ. ಅಶ್ವತ್ಥಪ್ಪ ಒಪ್ಪಿದ್ದು ಒಂದು ಷರತ್ತಿನ ಮೇಲೆ: "ಒಂದ್ ತಪ್ಪು ಮಾಡುದ್ರೂ ಮುಂದಿನ ವರ್ಷಕ್ಕೆ ಚಿನ್ನಪ್ಪನೇಯಾ."

ಆನೆಗಳಿಗೆ ಯಾವ ಅವಸರವೂ ಇರಲಿಲ್ಲ. ಮರಿ ನಡುರಸ್ತೆಯಲ್ಲಿ ನಿಂತು ಮಣ್ಣು ಎರಚಿಕೊಂಡಿತು, ತಾಯಿ ಕಾದು ನಿಂತಿತು. ಅಶ್ವತ್ಥಪ್ಪನ ಹಿಡಿತ ಸಡಿಲಲಿಲ್ಲ. ಕೊನೆಗೆ ಹಿಂಡು ಆಚೆ ಕಾಡಿಗಿಳಿದಾಗ ಅವನು ಕೈಬಿಟ್ಟು ಎಂಜಿನ್ ಎಬ್ಬಿಸಿದ. ಅವಳು ಗುಂಡಿ ಒಳಕ್ಕೊತ್ತಿದಳು. ಎರಡು ಮೈಲಿ ಹೋದ ಮೇಲೆ ಅವಳಿಗೆ ಹೊಳೆಯಿತು. ನಿಂತಷ್ಟು ಹೊತ್ತು ವಾಚಿನ ಲೆಕ್ಕಕ್ಕೇ ಸೇರಿಲ್ಲ! ಎಷ್ಟು ಹೊತ್ತೆಂದು ಅವಳಿಗೂ ಗೊತ್ತಿಲ್ಲ. ಬಾಯಿಬಿಟ್ಟರೆ ಸೀಟು ಹೋಯಿತು.

"ಜೋರಾಗಿ ಬಿಡ್ಲಾ? ಲೇಟಾಗೈತೆ."

"ಬ್ಯಾಡ, ಇದೇ ಸ್ಪೀಡಲ್ಲಿ ಹೋಗಿ. ನಾನ್ ವಾಚ್ ನೋಡ್ತಾ ಇವ್ನಿ," ಎಂದಳು, ಮುಳ್ಳಿನಿಂದ ಕಣ್ಣು ಕೀಳದೆ.

ರಾಯಕೋಟೆಯ ಗೆರೆ ಮುಟ್ಟಿದಾಗ ಅವಳ ವಾಚಿನಲ್ಲಿ ಗೊತ್ತುಮಾಡಿದ್ದ ಹತ್ತು ಇಪ್ಪತ್ತೇ, ಕೂದಲೆಳೆಯಷ್ಟೂ ಆಚೀಚೆಯಿಲ್ಲ. ಮೇಜಿನ ಹಿಂದೆ ಕೂತಿದ್ದ ಸಂಘದ ಕಾರ್ಯದರ್ಶಿ ಕುಮಾರೇಶ್ ತನ್ನ ಗಡಿಯಾರ ತೋರಿಸಿದ. "ಹನ್ನೊಂದು ನಿಮಿಷ ನಲವತ್ತು ಸೆಕೆಂಡು ಲೇಟು, ಅಣ್ಣಾ."

"ಲೇ, ವಾಚ್ ನಿಲ್ಲಿಸ್ಬುಟ್ಯಾ?" ಅಶ್ವತ್ಥಪ್ಪ ತಲೆಯ ಮೇಲೆ ಕೈಹೊತ್ತ. ಚಂದ್ರಲೇಖಾ ಹೂಂ ಎಂದಳು. ಹೆಂಡತಿಯ ಮಾನ ಉಳಿಸುವ ಹೊಣೆ ತನ್ನದೆಂಬಂತೆ ಅವನೇ ಕುಮಾರೇಶನಿಗೆ ವಿವರಿಸಿದ: "ಇವ್ಳದು ಪ್ಯಾಕಿಂಗ್ ಕೆಲ್ಸ ಇತ್ತಪ್ಪ. ಡಬ್ಬಿಗಾಕೋ ಮುಂಚೆ ಗುಂಡಿ ಎಳ್ದು ನಿಲ್ಲಿಸ್ತಾರೆ. ಆನೆ ಕಂಡ ಗಾಬ್ರೀಲಿ ಕೈರೂಢಿ ಬಂದ್ಬುಟ್ಟೈತೆ." ಏನೋ ಹೇಳಹೊರಟ ಅವಳು ವಾಚನ್ನು ಮೇಜಿನ ಮೇಲಿಟ್ಟಳು.

ಕುಮಾರೇಶ್ ಮಾತ್ರ ಕುರ್ಚಿಯಿಂದ ಎದ್ದೇಬಿಟ್ಟ. "ಎಷ್ಟೊತ್ತು ನಿಂತಿದ್ರಿ ಅನ್ನೋದಕ್ಕೆ ಸಾಕ್ಷಿ ಸಿಕ್ತಲ್ಲಣ್ಣಾ! ಆನೆಗೋ ರೈಲ್ವೆ ಗೇಟಿಗೋ ನಿಂತ್ರೆ ಆ ಹೊತ್ತು ಕಳೀತೀವಿ, ಆದ್ರೆ ಸೆಕೆಂಡ್ ಸಮೇತ ಹೇಳ್ಬೇಕು. ನಿಮ್ ಹಿಂದೆ ನಿಂತೋರ್‌ನ ಕೇಳಿ ನೋಡೋಣ." ಹಿಂದೆಯೇ ಬಂದ ಕಾರಿನವನು ಹತ್ತು ನಿಮಿಷ ಇರಬಹುದೆಂದ, ಅವನ ಹಿಂದಿನವನು ಕಾಲು ಗಂಟೆಯೆಂದ. ಲಕ್ಷದ ವಾಚು ಕಟ್ಟಿದ್ದ ಇಬ್ಬರೂ ಆನೆ ನೋಡುವ ಭರದಲ್ಲಿ ಮುಂಗೈ ನೋಡಿಕೊಂಡೇ ಇರಲಿಲ್ಲ.

"ಬೆಳಿಗ್ಗೆ ಹೊಸೂರಲ್ಲಿ ಎಲ್ರ ವಾಚೂ ಇದೇ ಗಡಿಯಾರಕ್ಕೆ ಕೂಡ್ಸಿದ್ದು," ಎಂದು ಕುಮಾರೇಶ್ ಎರಡನ್ನೂ ಅಕ್ಕಪಕ್ಕ ಇಟ್ಟ. "ನಿಮ್ದು ಎಷ್ಟು ಹಿಂದೈತೋ ಅಷ್ಟೊತ್ತೇ ನೀವು ನಿಂತಿದ್ದು. ಕಳೆದ್ರೆ ಸೊನ್ನೆ. ಸೂಪರ್ ಅಕ್ಕಾ, ಗೆದ್ರಿ!"

ಅಶ್ವತ್ಥಪ್ಪನ ಎದೆ ಎರಡಂಗುಲ ಉಬ್ಬಿತು. ಬಹುಮಾನದ ಕಪ್ಪನ್ನು ಕಂಕುಳಲ್ಲಿಟ್ಟುಕೊಂಡು ಕಾರಿನತ್ತ ನಡೆಯುತ್ತಾ, "ರೂಢಿ ಅಂದ್ರೆ ಇದು ನೋಡು!" ಎಂದ. "ಮುಂದಿನ ವರ್ಷಾನೂ ನೀನೇಯಾ."

"ರೂಢಿ ಗೀಢಿ ಏನಿಲ್ಲ," ಎಂದಳು ಚಂದ್ರಲೇಖಾ. "ನಾನಿದ್ದಿದ್ದು ಟೆಸ್ಟಿಂಗ್‌ನಾಗೆ ಕಣ್ರೀ, ಪ್ಯಾಕಿಂಗ್‌ನಾಗಲ್ಲ. ಇಪ್ಪತ್ತಾರು ವರ್ಷದಾಗೆ ಓಡೋ ವಾಚ್‌ನ ಒಂದಿನಾನೂ ನಿಲ್ಲಿಸ್ದೋಳಲ್ಲ."

ಅವನು ನಡೆಯುವುದನ್ನೇ ಮರೆತು ನಿಂತ. "ಮತ್ತೆ ಇವತ್ತ್ಯಾಕೆ ನಿಲ್ಲಿಸ್ದೆ?"

"ಎಷ್ಟೋ ವರ್ಷಕ್ಕೆ ನೀವು ಕೈ ಹಿಡ್ಕೊಂಡ್ರಲ್ಲ, ಅದ್ಕೆ."